ಮೆಷಿನ್ ಇಳಿಸಿದ ಜ್ವರ

ಜುಲೈ ಮಳೆ ಹಿಡಿದರೆ ಕೊಡಗಿನ ಐಸಿಯುಗಳಿಗೆ ಇಲಿಜ್ವರದವರು ಬರಲು ಶುರು. ನಾಟಿ ಗದ್ದೆಯ ಕೆಸರು, ಕಾಲಲ್ಲಿ ಜಿಗಣೆ ಕಚ್ಚಿದ ಗಾಯ. ಇಲಿ ಮೂತ್ರ ಬೆರೆತ ನೀರಿಗೆ ಒಳಹೋಗಲು ಅಷ್ಟು ದಾರಿ ಸಾಕು.

ಸುಂಟಿಕೊಪ್ಪದ ಕಡೆಯ ತೋಟದ ಕೂಲಿಯವರ ಲೈನ್‌ಮನೆಯಿಂದ ಒಬ್ಬರು ಜ್ವರದ ಐದನೇ ದಿನ ಬಂದರು. ಕಣ್ಣು ಹಳದಿ, ಮೂತ್ರ ನಿಂತಿದೆ, ಬಿಪಿ 80ರ ಮೇಲೆ ಏರುತ್ತಿಲ್ಲ. ಮೊದಲ ಗಂಟೆಯಲ್ಲೇ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಕೊಟ್ಟೆವು. ಆಮೇಲೆ ಡ್ರಿಪ್, ಬಿಪಿ ಏರಿಸುವ ನಾರ್‌ಅಡ್ರಿನಲಿನ್. ಡಯಾಲಿಸಿಸ್ ಮೆಷಿನ್ ಯೋಚನೆ ಬಂದಿದ್ದು ಇದೆಲ್ಲ ಆದ ಮೇಲೆ. ಈ ಕ್ರಮವನ್ನು ನಾನು ಎಂದೂ ಬದಲಿಸುವುದಿಲ್ಲ.

ಮಾಮೂಲಿ ನಾಲ್ಕು ಗಂಟೆಯ ಡಯಾಲಿಸಿಸನ್ನು ಅವರ ಬಿಪಿ ತಡೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಇಡೀ ದಿನ ನಿಧಾನವಾಗಿ ಓಡುವ ಡಯಾಲಿಸಿಸ್, ಸಿಆರ್‌ಆರ್‌ಟಿ, ಶುರು ಮಾಡಿದೆ. ತೂಕ 50 ಕೆಜಿ. ಕೆಜಿಗೆ ಗಂಟೆಗೆ 25 ಎಂಎಲ್ ಲೆಕ್ಕದಲ್ಲಿ ಗಂಟೆಗೆ 1250 ಎಂಎಲ್ ದ್ರವ ಫಿಲ್ಟರ್‌ನಿಂದ ಹೊರಹೋಗುವಂತೆ ಇಟ್ಟೆ. ಪ್ಲೇಟ್‌ಲೆಟ್ ತುಂಬಾ ಕಮ್ಮಿ ಇದ್ದಿದ್ದರಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಾಕಲಿಲ್ಲ.

ಆರೇ ಗಂಟೆಯೊಳಗೆ ಫಿಲ್ಟರ್‌ನಲ್ಲಿ ರಕ್ತ ಹೆಪ್ಪುಗಟ್ಟಿತು. ಮೆಷಿನ್‌ಗೆ ರಕ್ತ ಹೋಗಿಬರುವ ಲೈನನ್ನು ತೊಡೆ ಸಂದಿಯಲ್ಲಿ ಹಾಕಿದ್ದೆ. ಮಗ್ಗುಲು ತಿರುಗಿಸಿದಾಗಲೆಲ್ಲ ಅದು ಮಡಚುತ್ತಿತ್ತು, ಅಲಾರಂ ಕೂಗುತ್ತಿತ್ತು. ನಾವು ಅಲಾರಂ ನಿಲ್ಲಿಸಿದೆವೇ ಹೊರತು ಮಡಚಿದ್ದನ್ನು ನೋಡಲಿಲ್ಲ. ಫಿಲ್ಟರ್‌ನಲ್ಲಿದ್ದ ಸುಮಾರು 150 ಎಂಎಲ್ ರಕ್ತ ಅವರಿಗೆ ವಾಪಸ್ ಸಿಗಲಿಲ್ಲ. ಅದು ನನ್ನನ್ನು ಬಹಳ ಕಾಡಿತು. ಎರಡನೇ ಸಲ ಅಲ್ಟ್ರಾಸೌಂಡ್ ನೋಡಿಕೊಂಡು ಬಲಗಡೆ ಕುತ್ತಿಗೆಯಲ್ಲಿ ಹಾಕಿದೆ. ಸಲೀಸಾಗಿ ಓಡಿತು.

ಮರುದಿನ ಅವರ ತಮ್ಮ ಕೇಳಿದರು: "ರಕ್ತದ ವಿಷ ಹೀರೋ ಫಿಲ್ಟರ್ ಇದೆಯಂತಲ್ಲ ಸಾರ್, ಸಾಲ ಮಾಡಿಯಾದ್ರೂ ತರ್ತೀವಿ." ಇದೆ, ನಿಜ. ಅದರೊಳಗಿನ ಸಣ್ಣ ಮಣಿಗಳು ಉರಿಯೂತ ಹೆಚ್ಚಿಸುವ ಸೈಟೊಕೈನ್‌ಗಳನ್ನು ಹಿಡಿದುಕೊಳ್ಳುತ್ತವೆ. ಆದರೆ ಬೇಕಾದದ್ದು, ಬೇಡದ್ದು ಅಂತ ಮಣಿಗೆ ಗೊತ್ತಾಗಲ್ಲ. ಕೆಲವು ಆಂಟಿಬಯಾಟಿಕ್‌ಗಳನ್ನೂ ಹಿಡಿಯುತ್ತವೆ. ಬ್ಯಾಕ್ಟೀರಿಯಾದ ವಿಷವನ್ನು ಹೀರುವ ಪಾಲಿಮಿಕ್ಸಿನ್ ಫಿಲ್ಟರ್ ಅಂತ ಇನ್ನೊಂದಿದೆ. ಅದನ್ನು 450 ರೋಗಿಗಳಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 28 ದಿನಗಳೊಳಗಿನ ಸಾವು ಗಮನಾರ್ಹವಾಗಿ ಕಮ್ಮಿಯಾಗಿರಲಿಲ್ಲ. ಇಷ್ಟು ಗೊತ್ತಿದ್ದೂ ಕೂಲಿ ಮಾಡುವವರಿಗೆ ಸಾಲ ಮಾಡಿ ತನ್ನಿ ಅನ್ನಲು ನನಗೆ ಮನಸ್ಸು ಬರಲಿಲ್ಲ. ಬೇಡ ಎಂದೆ.

ಮೂರನೇ ದಿನ ಜ್ವರ 102ರಿಂದ 97ಕ್ಕೆ ಬಂತು. ಹೊರಗೆ ಮಳೆ ಸುರಿಯುತ್ತಿತ್ತು. ಅವರ ಹೆಂಡತಿ ಕೈ ಮುಟ್ಟಿ ನೋಡಿ, "ಜ್ವರ ಬಿಡ್ತು ಅಲ್ವಾ ಡಾಕ್ಟ್ರೇ?" ಎಂದರು. ಹೌದು ಅಂದುಬಿಡೋಣ ಅನ್ನಿಸಿತು. ಆದರೆ ರಕ್ತ ಹೊರಗಿನ ಟ್ಯೂಬಿನಲ್ಲಿ ಸುತ್ತಿ ತಣ್ಣಗಾಗಿ ಬರುತ್ತದೆ. ಒಳಗೆ ಸೋಂಕು ಹಾಗೇ ಇದ್ದರೂ ಮೈ ತಣ್ಣಗಿರಬಹುದು. "ಇದು ಮೆಷಿನ್ ಇಳಿಸಿದ್ದು ಅಮ್ಮಾ, ಇನ್ನೂ ಕಾಯೋಣ" ಎಂದೆ. ಬ್ಲಡ್ ವಾರ್ಮರ್ ಹಾಕಿ, ಕಂಬಳಿ ಹೊದಿಸಿದೆವು. ಥರ್ಮಾಮೀಟರ್ ಬಿಟ್ಟು ನಾರ್‌ಅಡ್ರಿನಲಿನ್ ಎಷ್ಟು ಬೇಕಾಗುತ್ತಿದೆ, ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಎಷ್ಟಿದೆ ಅಂತ ನೋಡುತ್ತಾ ಹೋದೆ.

ನಾಲ್ಕನೇ ದಿನ ನಾರ್‌ಅಡ್ರಿನಲಿನ್ ಅರ್ಧಕ್ಕೆ ಇಳಿಯಿತು. ಏಳನೇ ದಿನ ಮೂತ್ರ ಚೆನ್ನಾಗಿ ಬರತೊಡಗಿತು, ಮೆಷಿನ್ ನಿಲ್ಲಿಸಿದೆ. ಆರು ಗಂಟೆ ಬಿಟ್ಟು ಥರ್ಮಾಮೀಟರ್ ಇಟ್ಟೆ. 98.8. ಹೊರಗೆ ಹೋಗಿ ಅವರ ಹೆಂಡತಿಗೆ ಹೇಳಿದೆ, "ಈಗ ಬಿಟ್ಟಿದೆ ಅಮ್ಮಾ."