ಬೈಟ್ ಜೋಡಿಸಿದರೆ ಮೈನಸ್ ಸಂಖ್ಯೆ ಬರುತ್ತಿದೆಯಾ?

ಜಾವಾದಲ್ಲಿ ಎರಡು ಬೈಟ್ ಜೋಡಿಸಿ 16 ಬಿಟ್‌ನ ಸಂಖ್ಯೆ ಮಾಡುತ್ತಿದ್ದೆ. ಮೇಲಿನದನ್ನು 8 ಬಿಟ್ ಎಡಕ್ಕೆ ಸರಿಸಿ, | (ಬಿಟ್‌ಗಳ OR: ಎರಡರಲ್ಲಿ ಒಂದು 1 ಇದ್ದರೂ 1) ಹಾಕಿ ಕೆಳಗಿನದನ್ನು ಸೇರಿಸುತ್ತಿದ್ದೆ. ಮೇಲಿನದು 1, ಕೆಳಗಿನದು 200. ಬರಬೇಕಾದ್ದು 456, ಬಂದಿದ್ದು -56. ಕೆಳಗಿನ ಬೈಟ್ 127 ದಾಟಿದಾಗ ಮಾತ್ರ ಹೀಗೆ.

ಬೈಟ್‌ಗಳನ್ನು ಅದಲುಬದಲು ಮಾಡಿದೆ: -14335. | ಬದಲು + ಹಾಕಿದೆ: 200. ಎರಡೂ ದಂಡ.

ಜಾವಾದ ಬೈಟ್‌ನಲ್ಲಿ -128ರಿಂದ 127ರವರೆಗೆ ಮಾತ್ರ ಜಾಗ. ಹಾಗಾಗಿ 200 ಅಲ್ಲಿ -56 ಆಗಿ ಕೂತಿರುತ್ತದೆ. | ಮಾಡುವ ಮೊದಲು ಅದು 32 ಬಿಟ್‌ಗೆ ಹಿಗ್ಗುತ್ತದೆ. ಆಗ ಮೇಲಿನ 24 ಬಿಟ್‌ಗಳಲ್ಲೂ 1 ತುಂಬಿಕೊಂಡು ಇನ್ನೊಂದು ಬೈಟ್ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು 255ರಿಂದ ಸೋಸಿ (ಕೆಳಗಿನ 8 ಬಿಟ್ ಮಾತ್ರ ಉಳಿಯುತ್ತವೆ), ಆಮೇಲೆ ಜೋಡಿಸಿ:

((ಮೇಲು & 255) << 8) | (ಕೆಳಗು & 255)

ಆವರಣ ಜಾಸ್ತಿ ಆಯ್ತು ಅಂತ ತೆಗೆಯಬೇಡಿ. ಮೇಲು & 255 << 8 ಎಂದು ಬರೆದರೆ << ಮೊದಲು ನಡೆಯುತ್ತದೆ, 1 ಇದ್ದದ್ದು 0 ಆಗುತ್ತದೆ.

ಮತ್ತೆ ಎರಡು ಬೈಟ್ ಆಗಿ ಬಿಡಿಸುವುದು ಸುಲಭ: (ಸಂಖ್ಯೆ >> 8) & 255, ಆಮೇಲೆ ಸಂಖ್ಯೆ & 255. ಮೂಲ ಸಂಖ್ಯೆಯೇ ಮೈನಸ್ ಇರಬಹುದಾದರೆ ಜೋಡಿಸಿದ ಮೇಲೆ ಶಾರ್ಟ್‌ಗೆ ಕಾಸ್ಟ್ ಮಾಡಿ, ಅಂದರೆ ಮೈನಸ್ ಕೂಡ ಹಿಡಿಯುವ 16 ಬಿಟ್‌ನ ವಿಧಕ್ಕೆ ಬದಲಿಸಿ.