ಧ್ವನಿಮುದ್ರಿತ ನೃತ್ಯರೂಪಕದ ಬೆಳಕನ್ನು ಟೈಮ್‌ಕೋಡ್‌ಗೆ ಹೊಂದಿಸುವುದು

ಸಂಗೀತ ಮೊದಲೇ ಮುದ್ರಣವಾಗಿದ್ದರೆ ಮಾತ್ರ ಟೈಮ್‌ಕೋಡ್ (ಹಾಡಿನ ಜೊತೆ ಓಡುತ್ತಾ ಸಮಯ ತಿಳಿಸುವ ಸಂಕೇತ) ಬಳಸಿ. ಯಕ್ಷಗಾನದಲ್ಲಿ ಭಾಗವತರು ಆಯಾ ಹೊತ್ತಿಗೆ ತಕ್ಕಂತೆ ಪದ್ಯವನ್ನು ಎಳೆಯುತ್ತಾರೆ, ಮೊಟಕು ಮಾಡುತ್ತಾರೆ. ಅಲ್ಲಿ ಕ್ಯೂ, ಅಂದರೆ ಬೆಳಕು ಬದಲಿಸುವ ಸೂಚನೆ, ಕೊಡಬೇಕಾದದ್ದು ಆಟ ನೋಡುತ್ತಾ ಕುಳಿತ ಆಪರೇಟರ್.

ಮಿಡಿ ಎಂದರೆ ಸಂಗೀತ ಸಾಧನಗಳು ಪರಸ್ಪರ ಸಂದೇಶ ಕಳಿಸುವ ಪದ್ಧತಿ. ಅದರಲ್ಲಿ ಮಿಡಿ ಕ್ಲಾಕ್ ಮತ್ತು ಮಿಡಿ ಟೈಮ್‌ಕೋಡ್ ಒಂದೇ ಅಲ್ಲ. ಕ್ಲಾಕ್ ಹೇಳುವುದು ಲಯದ ವೇಗವನ್ನು. ಈಗ ಹಾಡಿನ ಯಾವ ಗಳಿಗೆ ನಡೆದಿದೆ ಎಂದು ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಲೆಕ್ಕದಲ್ಲಿ ತಿಳಿಸುವುದು ಟೈಮ್‌ಕೋಡ್, ಅಂದರೆ ಎಂಟಿಸಿ. ಬೆಳಕು ನಿಯಂತ್ರಿಸುವ ಕನ್ಸೋಲ್‌ಗೆ ಬೇಕಾದದ್ದು ಅದೇ.

ಹಾಡು ನುಡಿಸುವ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಮಿಡಿ ಇಂಟರ್‌ಫೇಸ್ ಸಿಕ್ಕಿಸಿ, ಅದರ ಔಟ್ ಅನ್ನು ಕನ್ಸೋಲ್‌ನ ಮಿಡಿ ಇನ್‌ಗೆ ಕೊಡಿ. ಮಿಡಿ ಕೇಬಲ್ 15 ಮೀಟರ್ ದಾಟಬಾರದು. ಲ್ಯಾಪ್‌ಟಾಪ್ ವೇದಿಕೆಯ ಪಕ್ಕ, ಕನ್ಸೋಲ್ ಸಭಾಂಗಣದ ಹಿಂದೆ ಇದ್ದರೆ ಟೈಮ್‌ಕೋಡ್‌ನ ಇನ್ನೊಂದು ರೂಪವಾದ ಎಲ್‌ಟಿಸಿ ಒಳ್ಳೆಯದು: ಅದು ಆಡಿಯೊ ಸಿಗ್ನಲ್, ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ದೂರ ಸಾಗುತ್ತದೆ. ಕನ್ಸೋಲ್‌ನಲ್ಲಿ ಎಲ್‌ಟಿಸಿ ಇನ್‌ಪುಟ್ ಇಲ್ಲದಿದ್ದರೆ ಅದನ್ನು ಎಂಟಿಸಿಗೆ ಬದಲಿಸುವ ಪೆಟ್ಟಿಗೆ ಬೇಕು.

ರೀಪರ್ ಎಂಬ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಹೊಸ ಟ್ರ್ಯಾಕ್ ಮಾಡಿ, ಇನ್ಸರ್ಟ್ ಮೆನುವಿನಿಂದ ಟೈಮ್‌ಕೋಡ್ ಜನರೇಟರ್ ಹಾಕಿ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) 25 ಇಡಿ, ಕನ್ಸೋಲ್‌ನಲ್ಲೂ 25. 29.97ರ ನಾನ್-ಡ್ರಾಪ್ (ಎಣಿಕೆಯಲ್ಲಿ ಯಾವ ಸಂಖ್ಯೆಯನ್ನೂ ಬಿಡದ) ಕೋಡ್ ಗಡಿಯಾರಕ್ಕಿಂತ ಗಂಟೆಗೆ 3.6 ಸೆಕೆಂಡ್ ಹಿಂದೆ ಬೀಳುತ್ತದೆ, ರಂಗಕ್ಕೆ ಆ ತಲೆನೋವು ಬೇಡ.

ಮೊದಲ ಹಾಡು 01:00:00:00ಕ್ಕೆ, ಎರಡನೆಯದು 02:00:00:00ಕ್ಕೆ ಆರಂಭವಾಗಲಿ. ನಾಳೆ ಹಾಡುಗಳ ಕ್ರಮ ಬದಲಾದರೂ ಕ್ಯೂಗಳು ಕದಲುವುದಿಲ್ಲ. ಕೋಡ್ ಮಾತ್ರ 10 ಸೆಕೆಂಡ್ ಮೊದಲೇ, 00:59:50:00ರಿಂದ ಓಡಲಿ. ಎಂಟಿಸಿಯ ಒಂದು ಪೂರ್ಣ ವಿಳಾಸ 8 ತುಣುಕುಗಳಲ್ಲಿ, 2 ಫ್ರೇಮ್ ಹೊತ್ತು ತೆಗೆದುಕೊಂಡು ಬರುತ್ತದೆ. 25 ಫ್ರೇಮ್‌ನಲ್ಲಿ ಇದು 80 ಮಿಲಿಸೆಕೆಂಡ್. ಕೋಡ್ ಮತ್ತು ಹಾಡು ಒಟ್ಟಿಗೇ ಶುರುವಾದರೆ ಮೊದಲ ಕ್ಯೂ ತಪ್ಪಿಹೋಗುವುದು ಇದರಿಂದಲೇ.

ಹಾಡು ಓಡಿಸುತ್ತಾ ಕನ್ಸೋಲ್‌ನ ಗೋ ಬಟನ್ ಒತ್ತಿ ಕ್ಯೂಗಳನ್ನು ದಾಖಲಿಸಿ. ಬೆರಳು ಸದಾ ತುಸು ತಡ. ಆಮೇಲೆ ಒಂದೊಂದು ಸಮಯವನ್ನೂ ಕೈಯಾರೆ ತಿದ್ದಬೇಕು. 3 ಸೆಕೆಂಡ್ ಫೇಡ್ ಮುಕ್ತಾಯದ ಹೊತ್ತಿಗೆ ಪೂರ್ತಿಯಾಗಬೇಕಿದ್ದರೆ ಕ್ಯೂ 3 ಸೆಕೆಂಡ್ ಮುಂಚೆ ಹೊರಡಬೇಕು. ಮೂವಿಂಗ್ ಹೆಡ್‌ಗಳನ್ನು (ತಾವೇ ತಿರುಗುವ ದೀಪಗಳನ್ನು) ಕತ್ತಲಲ್ಲೇ ತಿರುಗಿಸಿಡುವ ಒಂದು ಕ್ಯೂ ಅದಕ್ಕೂ ಮೊದಲೇ ಇರಲಿ. ಒಂದು ಫ್ರೇಮ್‌ಗಿಂತ, ಅಂದರೆ 40 ಮಿಲಿಸೆಕೆಂಡ್‌ಗಿಂತ ಸಣ್ಣ ತಿದ್ದುಪಡಿಗೆ ಹೆಣಗಬೇಡಿ: ಕನ್ಸೋಲ್‌ನಿಂದ ದೀಪಗಳಿಗೆ ಆಜ್ಞೆ ಒಯ್ಯುವ, 512 ಚಾನೆಲ್ ತುಂಬಿದ ಡಿಎಮ್‌ಎಕ್ಸ್ ಸಾಲು ಹೊಸದಾಗುವುದೇ ಸೆಕೆಂಡಿಗೆ ಸುಮಾರು 44 ಬಾರಿ.

ಕನ್ಸೋಲ್‌ನಲ್ಲಿ ಕೋಡ್ ಬಿಟ್ಟುಬಿಟ್ಟು ಬಂದರೆ ಲ್ಯಾಪ್‌ಟಾಪ್‌ನ ಸ್ಲೀಪ್ ಮತ್ತು ಯುಎಸ್‌ಬಿ ಪವರ್ ಉಳಿತಾಯ ಆಫ್ ಮಾಡಿ. ಎಲ್‌ಟಿಸಿ ಆಗಿದ್ದರೆ ಫೈಲನ್ನು ವೇವ್ ಆಗಿಯೇ ಇಡಿ, ಎಂಪಿ3 ಬೇಡ. ಈಕ್ಯೂ, ಕಂಪ್ರೆಸರ್ ಮುಟ್ಟಿಸಬೇಡಿ. ಮಟ್ಟ ಮೈನಸ್ 10 ಡಿಬಿ ಆಸುಪಾಸಿನಿಂದ ಶುರುಮಾಡಿ. ಅದು ಮುಖ್ಯ ಸ್ಪೀಕರ್‌ಗೆ ಹೋಗದಂತೆ ಮಿಕ್ಸರ್‌ನಲ್ಲಿ ಖಚಿತಪಡಿಸಿಕೊಳ್ಳಿ. ಹೋದರೆ ಇಡೀ ಸಭಾಂಗಣಕ್ಕೆ ಕರ್ಕಶ ಸದ್ದು ಕೇಳುತ್ತದೆ.

ಕೋಡ್ ನಿಂತ ಮೇಲೂ ಕನ್ಸೋಲ್ ತಾನೇ ಎಣಿಸುತ್ತಾ ಹೋಗುವ ಅವಧಿಯನ್ನು ಅರ್ಧ ಸೆಕೆಂಡಿನೊಳಗೆ ಇಡಿ. ಹೆಚ್ಚಾದರೆ ಹಾಡು ನಿಲ್ಲಿಸಿದ ಮೇಲೂ ಬೆಳಕು ಬದಲಾಗುತ್ತದೆ. ಟೈಮ್‌ಕೋಡ್ ಕಡಿದು ಗೋ ಬಟನ್‌ಗೆ ಮರಳುವ ಒಂದು ಕೀಲಿಯನ್ನು ಕೈಗೆಟಕುವಂತೆ ಹೊಂದಿಸಿ, ತಾಲೀಮಿನಲ್ಲಿ ಬೇಕೆಂದೇ ಕೇಬಲ್ ಕಿತ್ತು ಅದನ್ನು ಪರೀಕ್ಷಿಸಿ.