ಯುಪಿಐ ನೋಟಿಸಿಗೆ ಖರೀದಿ ಬಿಲ್ಲಿನಿಂದ ಕಟ್ಟಿದ ಉತ್ತರ

2025ರ ಜುಲೈಯಲ್ಲಿ ಕರ್ನಾಟಕದ ಸಾವಿರಾರು ಅಂಗಡಿಗಳಿಗೆ ಯುಪಿಐ ಜಮೆಯ ಆಧಾರದ ಮೇಲೆ ಜಿಎಸ್‌ಟಿ ನೋಟಿಸು ಬಂದಾಗ, ತರಕಾರಿ, ಬಿಸ್ಕತ್ತುಗಳನ್ನೂ ಮಾರುವ ಬೆಂಗಳೂರಿನ ಒಬ್ಬ ಹಾಲಿನ ಬೂತಿನ ಮಾಲೀಕರು ನನ್ನ ಬಳಿ ಬಂದರು. 2023-24ರಲ್ಲಿ ಅವರ ಖಾತೆಗೆ ಸುಮಾರು 62 ಲಕ್ಷ ಜಮೆಯಾಗಿತ್ತು. ಅಷ್ಟಕ್ಕೂ ಶೇ 18ರಂತೆ ಹಾಕಿ 11 ಲಕ್ಷಕ್ಕೂ ಹೆಚ್ಚು ಕೇಳಲಾಗಿತ್ತು. ಖರೀದಿ ಬಿಲ್ಲಿನಿಂದ ಮಾರಾಟದ ಲೆಕ್ಕ ಕಟ್ಟುತ್ತೇನೆಂದಾಗ, ಅದನ್ನು ಯಾವ ಅಧಿಕಾರಿಯೂ ಓದುವುದಿಲ್ಲವೆಂದು ಸಹೋದ್ಯೋಗಿಗಳು ಕೈಚೆಲ್ಲಿದ್ದರು.

ಮೊದಲು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ವಿಂಗಡಿಸಲು ಹುಡುಗನೊಬ್ಬನನ್ನು ಕೂರಿಸಿ ಎಂಟು ಸಾವಿರದಷ್ಟು ಖರ್ಚು ಮಾಡಿದೆ. 44 ರೂಪಾಯಿಯ ಜಮೆ ಹಾಲಿನದೋ ಬಿಸ್ಕತ್ತಿನದೋ ಎಂದು ಸ್ಟೇಟ್‌ಮೆಂಟು ಹೇಳುವುದಿಲ್ಲ. ಮಗನು ಕಳುಹಿಸಿದ ಹಣ, ಕೈಸಾಲ, ಚೀಟಿಯ ಹಣವೆಂದು ಒಂಬತ್ತು ಲಕ್ಷವನ್ನು ಬೇರ್ಪಡಿಸಲಷ್ಟೇ ಅದು ನೆರವಾಯಿತು.

ದಾರಿ ತೆರೆದದ್ದು ಹಾಲಿನ ಸರಬರಾಜಿನ ದಿನದ ಬಿಲ್ಲು. ಹಾಲಿನ ಪ್ಯಾಕೆಟ್ಟಿಗೆ ತೆರಿಗೆಯಿಲ್ಲ. ಅದೇ ಬಿಲ್ಲಿನ ಮುಂದಿನ ಸಾಲಿನಲ್ಲಿರುವ ಮೊಸರಿನ ಪ್ಯಾಕೆಟ್ಟಿಗೆ 2022ರ ಜುಲೈ 18ರಿಂದ ಶೇ 5 ಇದೆ. ಎರಡಕ್ಕೂ ಎಂಆರ್‌ಪಿ ಇರುವುದರಿಂದ ಖರೀದಿಸಿದ ಪ್ಯಾಕೆಟ್ಟುಗಳ ಸಂಖ್ಯೆಯನ್ನು ಎಂಆರ್‌ಪಿಯಿಂದ ಗುಣಿಸಿದರೆ ಮಾರಾಟ ಸಿಗುತ್ತದೆ. ತರಕಾರಿಗೆ ಮಂಡಿಯ ಚೀಟಿ ಹಿಡಿದು, ಕೊಳೆತದ್ದನ್ನು ಕಳೆದೆ. ಹೀಗೆ ಕಟ್ಟಿದಾಗ ಯುಪಿಐಯಲ್ಲಿ ಕಾಣದ ಏಳು ಲಕ್ಷದಷ್ಟು ನಗದು ಮಾರಾಟವೂ ಹೊರಬಂತು. ಮಾಲೀಕರು ಹಿಂಜರಿದರೂ ಅದನ್ನು ಉತ್ತರದಲ್ಲಿ ನಾನೇ ಸೇರಿಸಿದೆ. ಉಳಿದ ಅಂಕಿಗಳಿಗೆ ನಂಬಿಕೆ ಬಂದದ್ದು ಅದರಿಂದಲೇ ಎಂಬುದು ನನ್ನ ದೃಢ ಅಭಿಪ್ರಾಯ. ಒಟ್ಟು 60 ಲಕ್ಷದ ಮಾರಾಟದಲ್ಲಿ ತೆರಿಗೆಯಿಲ್ಲದ ಹಾಲು, ತರಕಾರಿ 46 ಲಕ್ಷ. ತೆರಿಗೆಗೆ ಒಳಪಡುವುದು 14 ಲಕ್ಷ.

ಆ 14 ಲಕ್ಷವು ಜಿಎಸ್‌ಟಿ ನೋಂದಣಿಗೆ ಇರುವ ವರ್ಷಕ್ಕೆ 40 ಲಕ್ಷದ ಮಾರಾಟದ ಮಿತಿಯೊಳಗಿದೆ, ನೋಂದಣಿಯೇ ಬೇಡವೆಂದು ವಾದಿಸಲು ಹಲವರು ಸೂಚಿಸಿದರು. ಅದು ನಿಲ್ಲುವುದಿಲ್ಲ. ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಡ. ಜೊತೆಗೆ ಒಂದು ಬಿಸ್ಕತ್ತಿನ ಪೊಟ್ಟಣ ಮಾರಿದರೂ ಹಾಲಿನ ಮಾರಾಟವು ಮಿತಿಯ ಲೆಕ್ಕಕ್ಕೆ ಸೇರುತ್ತದೆ. ನಾನು ಮಿತಿಯನ್ನು ಬಿಟ್ಟು ತೆರಿಗೆಯ ಮೊತ್ತವನ್ನಷ್ಟೇ ಹಿಡಿದೆ. ಕಚೇರಿ ಆ ವಿಂಗಡಣೆಯನ್ನು ಒಪ್ಪಿತು, ತೆರಿಗೆ ಒಂದೂವರೆ ಲಕ್ಷದ ಆಸುಪಾಸಿಗೆ ಇಳಿಯಿತು.

ನಡುವೆ ಹಾಲಿಗೊಂದು, ಉಳಿದದ್ದಕ್ಕೊಂದು ಎಂದು ಎರಡು ಕ್ಯೂಆರ್ ಕೋಡ್ ಅಂಟಿಸಿ ನೋಡಿದೆ. ಬೆಳಗಿನ ನೂಕುನುಗ್ಗಲಿನಲ್ಲಿ ಗಿರಾಕಿಗಳು ಕೈಗೆ ಹತ್ತಿರವಿದ್ದುದನ್ನೇ ಸ್ಕ್ಯಾನ್ ಮಾಡಿದ್ದರಿಂದ ತೆಗೆಸಿದೆ. ಅದಕ್ಕಿಂತ ಮನೆಯ ವ್ಯವಹಾರಕ್ಕೆ ಬೇರೆ ಖಾತೆ ತೆರೆಸಿದ್ದು ಹೆಚ್ಚು ಫಲ ಕೊಟ್ಟಿತು. ಈಗ ಅವರು ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿದ್ದಾರೆ. ವ್ಯಾಪಾರಿಗೆ ತೆರಿಗೆಯುಳ್ಳ ಮಾರಾಟದ ಮೇಲೆ ಶೇ 1 ಇರುವುದರಿಂದ, ವರ್ಷಕ್ಕೆ 14 ಸಾವಿರದಷ್ಟು ಕಟ್ಟುತ್ತಾರೆ.